ಮರೆವಿನ ಕಾಯಿಲೆಯಿರುವ ಹಿರಿಯರಿಗೆ ಸಂಗೀತ: ಪ್ರಬಂಧದಲ್ಲಿ ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು?

ಪ್ರಶ್ನೆ: ಶುಶ್ರೂಷೆ_ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷದ ವಿದ್ಯಾರ್ಥಿನಿ. ಡಿಮೆನ್ಶಿಯಾ ಇರುವ ಹಿರಿಯರಿಗೆ ಔಷಧವಿಲ್ಲದೆ ಕೊಡಬಹುದಾದ ಚಿಕಿತ್ಸೆಗಳ ಬಗ್ಗೆ ಪ್ರಬಂಧ ಸಿದ್ಧಪಡಿಸಬೇಕೆಂದಿದ್ದೇನೆ.

ಈ ವಿಷಯವನ್ನೇ ಆರಿಸಿಕೊಳ್ಳಲು ನಮ್ಮ ಅಜ್ಜ ಕಾರಣ. ಕೊನೆಯ ಎರಡು ವರ್ಷ ಅವರು ಸಂಜೆಯಾದೊಡನೆ ಬಾಗಿಲಿನ ಚಿಲಕ ತೆಗೆದು, ಎಂದೋ ಮಾರಿಹೋಗಿದ್ದ ಹೊಲಕ್ಕೆ ನೀರು ಹಾಯಿಸಲು ಹೊರಟುಬಿಡುತ್ತಿದ್ದರು. ತಡೆದವರ ಮೇಲೆ ಕೋಲೆತ್ತುತ್ತಿದ್ದರು. ಮನೆಯವರು ಕಂಗಾಲಾಗಿ ವೈದ್ಯರ ಬಳಿ ಕರೆದೊಯ್ದಾಗ ರಾತ್ರಿಗೊಂದು ಮಾತ್ರೆ ಬರೆದುಕೊಟ್ಟರು. ಆರು ವಾರದ ನಂತರ ಅದನ್ನು ಎರಡಕ್ಕೆ ಏರಿಸಿದರು. ಹೊಲಕ್ಕೆ ಹೊರಡುವುದು ನಿಂತಿತು, ಊಟಕ್ಕೆ ಏಳುವುದೂ ನಿಂತಿತು. ಒಂದು ಬೆಳಗ್ಗೆ ಬಚ್ಚಲಿಗೆ ಹೋಗುವಾಗ ಜೋಲಿ ತಪ್ಪಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಬೇರೆ ದಾರಿಯೇನಾದರೂ ಇತ್ತೇ ಎಂಬ ಪ್ರಶ್ನೆಯನ್ನು ಆಗ ಯಾರೂ ಎತ್ತಲಿಲ್ಲ.

ನನ್ನ ಯೋಜನೆ ಹೀಗಿದೆ. ಒಂದು ವೃದ್ಧಾಶ್ರಮದಲ್ಲಿ ಡಿಮೆನ್ಶಿಯಾ ಇದೆಯೆಂದು ಗುರುತಿಸಲಾಗಿರುವ ಸುಮಾರು 30 ಹಿರಿಯರಿದ್ದಾರೆ. ಆರು ವಾರಗಳ ಕಾಲ ದಿನವೂ ಸಂಜೆ ಹಜಾರದಲ್ಲಿ ಧ್ವನಿವರ್ಧಕದ ಮೂಲಕ ಭಜನೆ, ವಚನ ಮತ್ತು ದೇವರನಾಮಗಳನ್ನು ಅರ್ಧ ಗಂಟೆ ಕೇಳಿಸಿ, ಮೊದಲು ಒಮ್ಮೆ ಮತ್ತು ಕೊನೆಗೆ ಒಮ್ಮೆ ಎಂಎಂಎಸ್‌ಇ ಎಂಬ ಚಿಕ್ಕ ಪ್ರಶ್ನೋತ್ತರ ಪರೀಕ್ಷೆಯಿಂದ ನೆನಪಿನ ಶಕ್ತಿಯನ್ನು ಅಳೆಯುವುದು. ಹೋಲಿಕೆಗೆ ಇನ್ನೊಂದು ಗುಂಪು ಇರುವುದಿಲ್ಲ. ಈ ವಿನ್ಯಾಸದಲ್ಲಿ ಏನು ಕೊರತೆಯಿದೆ, ಸಂಗೀತಕ್ಕಿಂತ ಹೆಚ್ಚು ಆಧಾರವಿರುವ ಬೇರೆ ಚಿಕಿತ್ಸೆ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮನಶ್ಶಾಸ್ತ್ರ_ಮೈಸೂರು

ನಿಮ್ಮ ಅಜ್ಜನವರ ವಿಷಯ ಓದಿ ಬಹಳ ನೋವಾಯಿತು. ನಾನು ಹದಿನೆಂಟು ವರ್ಷಗಳಿಂದ ಮರೆವಿನ ಕಾಯಿಲೆಯವರ ಜೊತೆ ಕೆಲಸ ಮಾಡುತ್ತಿರುವ ಮನಶ್ಶಾಸ್ತ್ರಜ್ಞೆ. ಇಂತಹ ಕಥೆಯನ್ನು ಹಲವು ಮನೆಗಳಲ್ಲಿ ಕೇಳಿದ್ದೇನೆ. ಆ ಮಾತ್ರೆ ಯಾವುದೆಂದು ನೀವು ಬರೆದಿಲ್ಲವಾದ್ದರಿಂದ ಅದರ ಬಗ್ಗೆ ಏನೂ ಹೇಳಲಾರೆ. ಆದರೆ ಡಿಮೆನ್ಶಿಯಾದ ಉದ್ವೇಗಕ್ಕೆ ಸಾಮಾನ್ಯವಾಗಿ ಬಳಕೆಯಾಗುವ ಆಂಟಿಸೈಕೋಟಿಕ್ (ತೀವ್ರ ಮನೋರೋಗಗಳಿಗೆ ಕೊಡುವ) ಔಷಧಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2005ರಲ್ಲಿಯೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. 17 ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ, ಈ ಔಷಧ ಪಡೆದ ಹಿರಿಯರಲ್ಲಿ ಸಾವಿನ ಸಂಭವ ಹುಸಿಮಾತ್ರೆ ಪಡೆದವರಿಗಿಂತ 1.6ರಿಂದ 1.7 ಪಟ್ಟು ಹೆಚ್ಚಾಗಿತ್ತು. 2009ರಲ್ಲಿ ಬ್ರಿಟನ್ ಸರ್ಕಾರಕ್ಕಾಗಿ ಪ್ರೊಫೆಸರ್ ಸುಬೆ ಬ್ಯಾನರ್ಜಿ ಅವರು ಸಲ್ಲಿಸಿದ ವರದಿಯು, ಅಲ್ಲಿ ಇಂತಹ ಔಷಧ ಸೇವಿಸುತ್ತಿದ್ದ ಸುಮಾರು 1,80,000 ಡಿಮೆನ್ಶಿಯಾ ರೋಗಿಗಳಲ್ಲಿ ವರ್ಷಕ್ಕೆ 1,800 ಹೆಚ್ಚುವರಿ ಸಾವುಗಳಾಗುತ್ತಿರಬಹುದು ಎಂದು ಅಂದಾಜಿಸಿತು. ಔಷಧರಹಿತ ಚಿಕಿತ್ಸೆಯ ಸಂಶೋಧನೆಗೆ ಬಲ ಬಂದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಹಾಗೆಂದು ನಿಮ್ಮ ಅಧ್ಯಯನಕ್ಕಾಗಿ ಯಾರ ಮಾತ್ರೆಯನ್ನೂ ನಿಲ್ಲಿಸಬಾರದು. ಯಾರ ಔಷಧದಲ್ಲಿ ಯಾವ ದಿನ ಏನು ಬದಲಾಯಿತು ಎಂಬುದನ್ನು ತಪ್ಪದೆ ಬರೆದಿಡಿ.

ಇನ್ನು ನಿಮ್ಮ ವಿನ್ಯಾಸ. ನೀವು ಕೊಡಲು ಹೊರಟಿರುವುದಕ್ಕೂ ಅಳೆಯಲು ಹೊರಟಿರುವುದಕ್ಕೂ ಸಂಬಂಧ ತೀರಾ ಸಡಿಲವಾಗಿದೆ. ಹಲವು ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯು ಸಂಗೀತಾಧಾರಿತ ಚಿಕಿತ್ಸೆಯ 22 ಪ್ರಯೋಗಗಳನ್ನು ಪರಿಶೀಲಿಸಿತು. ಖಿನ್ನತೆಯ ಲಕ್ಷಣಗಳು ಬಹುಶಃ ಕಡಿಮೆಯಾಗುತ್ತವೆ ಮತ್ತು ಒಟ್ಟಾರೆ ವರ್ತನೆಯ ತೊಂದರೆಗಳು ಬಹುಶಃ ತಗ್ಗುತ್ತವೆ, ಆದರೆ ಉದ್ವೇಗ ಮತ್ತು ಆಕ್ರಮಣಶೀಲತೆಯ ಮೇಲಾಗಲಿ ನೆನಪು-ಯೋಚನೆಗಳ ಮೇಲಾಗಲಿ ಪರಿಣಾಮ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂಬುದು ಅದರ ತೀರ್ಮಾನ. ನೀವು ಆರು ವಾರ ದುಡಿದು, ಹಿರಿಯರ ಮುಖದಲ್ಲಿ ಗೆಲುವು ಮೂಡಿದ್ದನ್ನು ಕಣ್ಣಾರೆ ಕಂಡು, ಕೊನೆಗೆ ಎಂಎಂಎಸ್‌ಇ ಅಂಕ ಅಲ್ಲಾಡಲಿಲ್ಲ ಎಂಬ ಕಾರಣಕ್ಕೆ ಸಂಗೀತದಿಂದ ಉಪಯೋಗವಿಲ್ಲ ಎಂದು ಬರೆಯಬೇಕಾಗಿ ಬರಬಹುದು. ಅದು ಆ ಹಿರಿಯರಿಗೂ ಸಂಗೀತಕ್ಕೂ ಅನ್ಯಾಯ. ಮನಸ್ಸಿನ ಸ್ಥಿತಿಯನ್ನು ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಿ. ಡಿಮೆನ್ಶಿಯಾದಲ್ಲಿನ ಖಿನ್ನತೆಗೆಂದೇ ರೂಪಿಸಿರುವ ಕಾರ್ನೆಲ್ ಮಾಪಕದಲ್ಲಿ 19 ಅಂಶಗಳಿವೆ. ರೋಗಿಯನ್ನೂ ಅವರನ್ನು ನಿತ್ಯ ನೋಡಿಕೊಳ್ಳುವವರನ್ನೂ ಕೇಳಿ ಅಂಕ ಕೊಡುವುದರಿಂದ, ಮಾತು ಕಡಿಮೆಯಾದವರಲ್ಲಿಯೂ ಅದನ್ನು ಬಳಸಬಹುದು.

ಎಂಎಂಎಸ್‌ಇ ಬಗ್ಗೆ ಇನ್ನೊಂದು ಮಾತು. ಒಂದು ವಾಕ್ಯ ಬರೆಯಿರಿ, ಓದಿ ಅದರಂತೆ ಮಾಡಿ, ಈ ಚಿತ್ರವನ್ನು ನಕಲು ಮಾಡಿ ಎಂದು ಅದು ಕೇಳುತ್ತದೆ. ಜೀವಮಾನದಲ್ಲಿ ಪೆನ್ನು ಹಿಡಿಯದ ಅಜ್ಜಿಯೊಬ್ಬರು ಅಲ್ಲಿ ಅಂಕ ಕಳೆದುಕೊಂಡರೆ ಅದು ಶಾಲೆಗೆ ಕಳಿಸದಿದ್ದುದರ ಅಳತೆಯೇ ಹೊರತು ಮರೆವಿನ ಅಳತೆಯಲ್ಲ. ಕಾಯಿಲೆಯ ಮಟ್ಟವನ್ನು ದಾಖಲಿಸುವುದಕ್ಕಾಗಿ ನಿಮಗೆ ಪರೀಕ್ಷೆ ಬೇಕೇ ಬೇಕೆಂದಾದರೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳಂ ಭಾಷೆಗಳಲ್ಲಿ ರೂಪಿಸಿರುವ ಪರೀಕ್ಷಾ ಸಂಚಯವನ್ನು ನಿಮ್ಮ ಮಾರ್ಗದರ್ಶಕರ ಮೂಲಕ ವಿಚಾರಿಸಿ.

ಸಂಗೀತಕ್ಕಿಂತ ಹೆಚ್ಚು ಆಧಾರವಿರುವ ಚಿಕಿತ್ಸೆ ಇದೆಯೇ ಎಂದು ಕೇಳಿದ್ದೀರಿ. ನೆನಪು ಮತ್ತು ಯೋಚನೆಯ ಮಟ್ಟಿಗೆ ಇದೆ. ಸಿಎಸ್‌ಟಿ ಎಂದು ಕರೆಯುವ ಬೌದ್ಧಿಕ ಪ್ರಚೋದನೆಯ ಗುಂಪು ಚಿಕಿತ್ಸೆಯನ್ನು ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ರೂಪಿಸಿ, 201 ಜನರ ಮೇಲಿನ ಪ್ರಯೋಗವನ್ನು 2003ರಲ್ಲಿ ಪ್ರಕಟಿಸಿದರು. ವಾರಕ್ಕೆ ಎರಡರಂತೆ ಏಳು ವಾರ, ಒಟ್ಟು 14 ಭೇಟಿಗಳು, ಒಂದೊಂದೂ ಸುಮಾರು 45 ನಿಮಿಷ. ಮಾತು, ಆಟ, ಹಾಡು, ಅಡುಗೆ, ಹಣದ ಲೆಕ್ಕ, ಬಾಲ್ಯದ ನೆನಪು ಹೀಗೆ ಪ್ರತಿ ಭೇಟಿಗೂ ಒಂದು ವಿಷಯವಿರುತ್ತದೆ. ಇವತ್ತು ಯಾವ ವಾರ ಹೇಳಿ ಎಂದು ಪರೀಕ್ಷೆ ಮಾಡುವಂತೆ ಕೇಳದೆ, ಅಭಿಪ್ರಾಯ ಕೇಳುವುದು ಅದರ ಜೀವಾಳ. ಸೌಮ್ಯ ಹಾಗೂ ಮಧ್ಯಮ ಹಂತದವರಲ್ಲಿ ನೆನಪು-ಯೋಚನೆಯ ಅಂಕ ಮತ್ತು ಜೀವನದ ಗುಣಮಟ್ಟ ಎರಡೂ ಸುಧಾರಿಸಿದವು. 37 ಪ್ರಯೋಗಗಳನ್ನು ಒಳಗೊಂಡ 2023ರ ಕಾಕ್ರೇನ್ ವಿಮರ್ಶೆಯೂ ಇಂತಹ ಚಟುವಟಿಕೆಗಳಿಂದ ಸಣ್ಣದಾದರೂ ನಿಜವಾದ ಲಾಭವಿದೆ ಎಂದಿದೆ. ಚೆನ್ನೈನ ಸ್ಕಾರ್ಫ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯವರು ಇದನ್ನು ತಮಿಳುನಾಡಿನ ಹಿರಿಯರಿಗೆ ಒಗ್ಗುವಂತೆ ಬದಲಿಸಿಕೊಂಡು ಪ್ರಯೋಗಿಸಿದ್ದಾರೆ.

ಆದರೂ ನೀವು ಸಂಗೀತವನ್ನು ಬಿಡಬೇಕಾಗಿಲ್ಲ. ಧ್ವನಿವರ್ಧಕವನ್ನು ಮಾತ್ರ ಬಿಡಿ. ಮೂವತ್ತು ಜನರಿಗೆ ಒಂದೇ ಹಾಡು ಹಾಕುವುದು ಮೂವತ್ತು ಜನರಿಗೆ ಒಂದೇ ನಂಬರಿನ ಕನ್ನಡಕ ಕೊಟ್ಟಂತೆ. ಅವರು ಯಾವ ಊರಿನವರು, ಯಾವ ಹಾಡು ಕೇಳಿ ಬೆಳೆದವರು, ಅವರ ಮನೆಯಲ್ಲಿ ತತ್ವಪದ ಇತ್ತೇ, ಬೀಸುವ ಪದ ಇತ್ತೇ, ಖವ್ವಾಲಿ ಇತ್ತೇ, ಚರ್ಚಿನ ಗೀತೆ ಇತ್ತೇ ಎಂದು ಮೊದಲು ಕೇಳಿ ತಿಳಿಯಿರಿ. ಎಲ್ಲರ ಕಿವಿಯನ್ನೂ ಒಮ್ಮೆ ಪರೀಕ್ಷಿಸಿ. ಸಂಗೀತಕ್ಕೆ ಸ್ಪಂದಿಸುವುದಿಲ್ಲ ಎಂದು ನಾವು ಕೈಬಿಟ್ಟಿದ್ದ ಒಬ್ಬ ಹಿರಿಯರ ಎರಡೂ ಕಿವಿಗಳಲ್ಲಿ ಗುಗ್ಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ತೆಗೆಸಿದ ಮರುದಿನ ಅವರು ತಾಳ ಹಾಕಿದರು.

ಉತ್ತರ 2: ಸಾಗರದ_ಮಗಳು

ನಾನು ಸಂಶೋಧಕಿಯಲ್ಲ. ಅಮ್ಮನನ್ನು ಒಂಬತ್ತು ವರ್ಷ ಮನೆಯಲ್ಲೇ ನೋಡಿಕೊಂಡವಳು. ಮೇಲಿನ ಉತ್ತರದಲ್ಲಿ ಧ್ವನಿವರ್ಧಕದ ವಿಷಯ ಬಂದದ್ದರಿಂದ ಒಂದು ಘಟನೆಯನ್ನು ಹೇಳಲೇಬೇಕೆನಿಸಿತು.

ಅಮ್ಮನನ್ನು ವಾರದಲ್ಲಿ ಮೂರು ದಿನ ಒಂದು ಹಗಲು ಆರೈಕೆ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ಸಂಜೆ ನಾಲ್ಕಕ್ಕೆ ದೇವರನಾಮ ಹಾಕುತ್ತಿದ್ದರು. ಉಳಿದವರೆಲ್ಲ ನೆಮ್ಮದಿಯಿಂದ ಕೇಳುತ್ತಿದ್ದರೆ ಅಮ್ಮ ಒಂದು ಹಾಡು ಬಂದೊಡನೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳಲು ಶುರುಮಾಡುತ್ತಿದ್ದಳು, ಮನೆಗೆ ಬಂದ ಮೇಲೂ ರಾತ್ರಿಯಿಡೀ ನಿದ್ದೆ ಮಾಡುತ್ತಿರಲಿಲ್ಲ. ಕಾಯಿಲೆ ಮುಂದುವರಿದಿದೆ ಎಂದು ಅಲ್ಲಿನವರು ಹೇಳಿದರು, ನಾನೂ ನಂಬಿದೆ. ಒಂದು ದಿನ ಬೇಗ ಹೋದಾಗ ನಾನೇ ಆ ಹಾಡನ್ನು ಕೇಳಿಸಿಕೊಂಡೆ. ಅಪ್ಪ ತೀರಿಕೊಂಡ ರಾತ್ರಿ ಭಜನಾ ಮಂಡಳಿಯವರು ನಮ್ಮ ಜಗಲಿಯಲ್ಲಿ ಕುಳಿತು ಬೆಳಗಿನ ತನಕ ಹಾಡಿದ್ದು ಅದನ್ನೇ. ಅಪ್ಪನ ಹೆಸರು ಅಮ್ಮನಿಗೆ ಮರೆತುಹೋಗಿತ್ತು, ಆ ರಾತ್ರಿ ಮರೆತಿರಲಿಲ್ಲ. ಕೇಂದ್ರದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ನಮ್ಮನ್ನು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಹಾಗಾಗಿ ಹಾಡಿನ ಪಟ್ಟಿ ಮಾಡುವಾಗ ಇಷ್ಟದ ಹಾಡು ಯಾವುದೆಂದು ಕೇಳುವುದರ ಜೊತೆಗೆ ಯಾವುದನ್ನು ಹಾಕಬಾರದು ಎಂದೂ ಮನೆಯವರನ್ನು ದಯವಿಟ್ಟು ಕೇಳಿ.

ಅಮ್ಮನಿಗೆ ಹಾಡಿಗಿಂತ ಹೆಚ್ಚು ಒಗ್ಗಿದ್ದು ಹೂ ಕಟ್ಟುವ ಕೆಲಸ. ಮುಸ್ಸಂಜೆಯಾದರೆ ಅವಳಿಗೆ ತಳಮಳ ಶುರುವಾಗುತ್ತಿತ್ತು. ಮನೆಯೊಳಗೇ ನಿಂತು, ಮನೆಗೆ ಹೋಗೋಣ ಎನ್ನುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಒಂದು ತಟ್ಟೆಯಲ್ಲಿ ಮಲ್ಲಿಗೆ ಮೊಗ್ಗು, ಪಕ್ಕದಲ್ಲಿ ನೆನೆಸಿದ ಬಾಳೆನಾರು ಇಟ್ಟರೆ ಅವಳ ಬೆರಳು ತಾನಾಗಿ ಕೆಲಸ ಶುರುಮಾಡುತ್ತಿತ್ತು. ಎರಡು ಮೊಗ್ಗು ಆಚೆ, ಎರಡು ಈಚೆ, ನಾರು ಸುತ್ತಿ ಹೆಬ್ಬೆರಳಿನಲ್ಲಿ ಒತ್ತಿ ಗಂಟು. ನನ್ನ ಹೆಸರು ಹೇಳಲಾರದ ದಿನಗಳಲ್ಲಿಯೂ ನನ್ನ ಗಂಟು ಸಡಿಲವಾದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಕೊನೆಯ ವರ್ಷ ಮೊಗ್ಗನ್ನು ಬಾಯಿಗೆ ಹಾಕಿಕೊಳ್ಳತೊಡಗಿದಾಗ ಹೂವನ್ನು ಬಿಟ್ಟು, ಮಡಿಸಲು ಹಳೆಯ ಬಟ್ಟೆ ಕೊಟ್ಟೆ. ಆದರೆ ಇದೇ ಹೂವಿನ ತಟ್ಟೆಯನ್ನು ಪಕ್ಕದ ಮನೆಯ ಅಜ್ಜನ ಮುಂದಿಟ್ಟರೆ ಅವರು ಸಿಡುಕುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅಡಿಕೆ ಆರಿಸುವ ಕೆಲಸ.

ಇನ್ನೊಂದು ವಿಷಯ. ಒಮ್ಮೆ ಎರಡು ವಾರ ಅಮ್ಮ ಯಾವುದಕ್ಕೂ ಜಗ್ಗದೆ ಕೂಗಾಡಿದಳು. ಹೂವೂ ಬೇಡ, ಹಾಡೂ ಬೇಡ. ಕೊನೆಗೆ ನೋಡಿದರೆ ದವಡೆಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ನೋವು ಎಂಬ ಪದವನ್ನೇ ಅವಳು ಮರೆತಿದ್ದಳು.

ಉತ್ತರ 3: ಮಾದರಿ_ಗಾತ್ರ

ನಾನು ಜೀವಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಒಂದು ನೈತಿಕ ಸಮಿತಿಯ ಸದಸ್ಯನೂ ಆಗಿದ್ದೇನೆ. ಎರಡನೆಯ ಉತ್ತರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಗಟ್ಟಿಯಾದ ಆಧಾರವಿದೆ. ನಾರ್ವೆಯಲ್ಲಿ ಬೆಟಿನಾ ಹುಸೆಬೊ ಮತ್ತು ಸಂಗಡಿಗರು ಡಿಮೆನ್ಶಿಯಾ ಇರುವ 352 ಜನರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೋವಿಗೆ ಹಂತಹಂತವಾಗಿ ಚಿಕಿತ್ಸೆ ಕೊಟ್ಟದ್ದರಿಂದಲೇ ಎಂಟು ವಾರಗಳಲ್ಲಿ ಉದ್ವೇಗ ಶೇ. 17ರಷ್ಟು ತಗ್ಗಿತು. ಆದ್ದರಿಂದ ನಿಮ್ಮ ಅಧ್ಯಯನಕ್ಕೆ ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರ ಹಲ್ಲು, ಮಲಬದ್ಧತೆ, ಮೂತ್ರದ ಸೋಂಕು, ಕೀಲುನೋವು, ಕಿವಿ ಮತ್ತು ಕಣ್ಣನ್ನು ನೋಡಿಸಿ. ಇಲ್ಲವಾದರೆ ಆರು ವಾರಗಳಲ್ಲಿ ವಾಸಿಯಾದ ಹಲ್ಲುನೋವಿನ ಶ್ರೇಯಸ್ಸು ಸಂಗೀತಕ್ಕೆ ಹೋಗುತ್ತದೆ.

ಹೋಲಿಕೆಯ ಗುಂಪು ಇಲ್ಲದಿರುವುದು ನಿಮ್ಮ ಯೋಜನೆಯ ಅತಿದೊಡ್ಡ ಕೊರತೆ. ಸಾಮಾನ್ಯವಾಗಿ ತುಂಬಾ ಕೆಟ್ಟ ದಿನಗಳಲ್ಲಿರುವವರನ್ನೇ ನಾವು ಚಿಕಿತ್ಸೆಗೆ ಆರಿಸುತ್ತೇವೆ. ಏನೂ ಮಾಡದಿದ್ದರೂ ಅವರಲ್ಲಿ ಅನೇಕರು ತಮ್ಮ ಸರಾಸರಿ ಸ್ಥಿತಿಗೆ ಮರಳುತ್ತಾರೆ. ಅದರ ಮೇಲೆ, ದಿನವೂ ಬಂದು ಕೈಹಿಡಿದು ಮಾತನಾಡಿಸುವ ವಿದ್ಯಾರ್ಥಿನಿಯ ಸಂಗವೂ ಒಂದು ಚಿಕಿತ್ಸೆಯೇ. ಹೋಲಿಕೆಯ ಗುಂಪಿನವರ ಜೊತೆಯೂ ನೀವು ಅಷ್ಟೇ ಹೊತ್ತು ಕುಳಿತು, ಸಂಗೀತವಿಲ್ಲದೆ, ಮಾತುಕತೆಯನ್ನು ಮಾತ್ರ ನಡೆಸಿದರೆ ಆಗ ಸಂಗೀತದ ಪಾಲು ಎಷ್ಟು ಎಂದು ತಿಳಿದೀತು. ಅಂಕ ಹಾಕುವವರು ನೀವಾಗಿರಬಾರದು. ಯಾರು ಯಾವ ಗುಂಪಿನಲ್ಲಿದ್ದಾರೆಂದು ತಿಳಿಯದ ಸಹಪಾಠಿಯೊಬ್ಬರಿಂದ ಹಾಕಿಸಿ.

ಈಗ ಸಂಖ್ಯೆ. ಮಧ್ಯಮ ಗಾತ್ರದ, ಅಂದರೆ ಪ್ರಮಾಣಿತ ವಿಚಲನೆಯ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆಯ) ಅರ್ಧದಷ್ಟು ವ್ಯತ್ಯಾಸವನ್ನು ಶೇ. 80ರ ಸಾಮರ್ಥ್ಯದೊಂದಿಗೆ (ವ್ಯತ್ಯಾಸ ನಿಜವಾಗಿದ್ದರೆ ಅದು ಕಾಣುವ ಸಂಭವ) ಗುರುತಿಸಲು ಗುಂಪಿಗೆ 64ರಂತೆ 128 ಜನ ಬೇಕು. ಒಂದೊಂದು ಆಶ್ರಮವನ್ನೇ ಒಂದು ಘಟಕವಾಗಿ ತೆಗೆದುಕೊಂಡರೆ, ಒಂದೇ ಆಶ್ರಮದವರು ಪರಸ್ಪರ ಹೋಲುವುದರಿಂದ ಈ ಸಂಖ್ಯೆ ಇನ್ನೂ ಹಿಗ್ಗುತ್ತದೆ. ಆಶ್ರಮಕ್ಕೆ 15 ಜನ, ಒಳಸಾಮ್ಯದ ಗುಣಾಂಕ 0.05 ಎಂದಿಟ್ಟುಕೊಂಡರೆ 1.7ರಿಂದ ಗುಣಿಸಬೇಕು, ಆಗ ಸುಮಾರು 218 ಜನ ಬೇಕಾಗುತ್ತದೆ. ನಿಮ್ಮಲ್ಲಿರುವುದು 30. ಆದ್ದರಿಂದ ಸಂಗೀತದ ಫಲ ಸಾಬೀತಾಯಿತು ಎಂದು ಹೇಳುವ ಪ್ರಬಂಧ ಬರೆಯಲು ಹೋಗಬೇಡಿ. ಇದು ಕಾರ್ಯಸಾಧ್ಯವೇ, ಎಷ್ಟು ಜನ ಒಪ್ಪಿದರು, ಎಷ್ಟು ಜನ ಕೊನೆಯವರೆಗೆ ಉಳಿದರು, ಯಾರಿಗೆ ತೊಂದರೆಯಾಯಿತು ಎಂಬುದನ್ನು ಪ್ರಾಮಾಣಿಕವಾಗಿ ಬರೆಯುವ ಪೂರ್ವಭಾವಿ ಅಧ್ಯಯನ ಮಾಡಿ. ಅಥವಾ ಕಡಿಮೆ ಜನರನ್ನು, ಎಂಟೋ ಹತ್ತೋ ಜನರನ್ನು, ಇಟ್ಟುಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆ ವಾರದಲ್ಲಿ ಚಿಕಿತ್ಸೆ ಆರಂಭಿಸಿ, ಪ್ರತಿಯೊಬ್ಬರ ಮೊದಲ ಸ್ಥಿತಿಯನ್ನು ಅವರದೇ ನಂತರದ ಸ್ಥಿತಿಯೊಂದಿಗೆ ಹೋಲಿಸುವ ವಿನ್ಯಾಸವನ್ನು ಆರಿಸಿಕೊಳ್ಳಿ. ಹಾಡು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬೇಕಾದ ಇಂತಹ ವಿಷಯಕ್ಕೆ ನನ್ನ ಮಟ್ಟಿಗೆ ಇದೇ ಹೆಚ್ಚು ಸೂಕ್ತ.

ಔಷಧವಲ್ಲವಲ್ಲ, ಇದರಿಂದ ಕೆಡುಕೇನು ಎಂಬ ಮಾತನ್ನು ಸಮಿತಿಯ ಮುಂದೆ ಹಲವು ವಿದ್ಯಾರ್ಥಿಗಳು ಹೇಳುತ್ತಾರೆ. ಕೆಡುಕು ಇರಬಹುದು. ಬ್ರಿಟನ್ನಿನಲ್ಲಿ ರೋಗಿ ಮತ್ತು ಆರೈಕೆದಾರರಿಬ್ಬರನ್ನೂ ಒಟ್ಟಿಗೆ ಕೂರಿಸಿ ಹಳೆಯ ನೆನಪುಗಳನ್ನು ಹಂಚಿಕೊಳ್ಳುವ ಗುಂಪು ಚಿಕಿತ್ಸೆಯನ್ನು 488 ಜೋಡಿಗಳಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ರೋಗಿಗಳ ಜೀವನದ ಗುಣಮಟ್ಟ ಸುಧಾರಿಸಲಿಲ್ಲ, ಆರೈಕೆದಾರರ ಆತಂಕ ಮಾತ್ರ ಹೆಚ್ಚಾಯಿತು. 2018ರಲ್ಲಿ ಪ್ರಕಟವಾದ ಡಾಪಾ ಎಂಬ ಪ್ರಯೋಗದಲ್ಲಿ ಡಿಮೆನ್ಶಿಯಾ ಇರುವ 494 ಜನರಲ್ಲಿ ಒಂದು ಗುಂಪಿಗೆ ನಾಲ್ಕು ತಿಂಗಳು ಬಿರುಸಿನ ವ್ಯಾಯಾಮ ಮಾಡಿಸಿದರು. ಮೈ ಗಟ್ಟಿಯಾಯಿತು, ಮರೆವಿನ ಗತಿ ತಗ್ಗಲಿಲ್ಲ. ಒಂದು ವರ್ಷದ ನಂತರ ವ್ಯಾಯಾಮ ಮಾಡಿದವರ ಬೌದ್ಧಿಕ ಅಂಕ ಮಾಡದವರಿಗಿಂತ ತುಸು ಕೆಳಗೇ ಇತ್ತು. ಎರಡೂ ಸದುದ್ದೇಶದ, ಶ್ರದ್ಧೆಯಿಂದ ನಡೆಸಿದ ಕೆಲಸಗಳು. ಅಳೆದು ನೋಡಿದ್ದರಿಂದ ತಿಳಿಯಿತು. ನಿಮ್ಮ ದಾಖಲೆಯಲ್ಲಿಯೂ ಅಹಿತಕರ ಪರಿಣಾಮಕ್ಕೆಂದು ಪ್ರತ್ಯೇಕ ಕಾಲಂ ಇರಲಿ. ಸಾಗರದ ಅಮ್ಮನವರಂತೆ ಅತ್ತವರು ಅಲ್ಲಿ ಕಾಣಬೇಕು.

ಒಪ್ಪಿಗೆಯ ವಿಷಯದಲ್ಲಿ ಅವಸರ ಬೇಡ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಗಳ ಪ್ರಕಾರ ಅರಿತು ಒಪ್ಪಿಗೆ ಕೊಡಲಾಗದವರ ಪರವಾಗಿ ಕಾನೂನುಬದ್ಧ ಪ್ರತಿನಿಧಿ ಸಹಿ ಹಾಕಬೇಕು. ಆಶ್ರಮದ ವ್ಯವಸ್ಥಾಪಕರ ಒಂದು ಪತ್ರ ಅದಕ್ಕೆ ಸಾಟಿಯಲ್ಲ. ಮಗನ ಸಹಿ ಇದ್ದರೂ, ಹಾಡು ಆರಂಭವಾದಾಗ ಅಜ್ಜಿ ಮುಖ ತಿರುಗಿಸಿದರೆ ಅಥವಾ ಕುರ್ಚಿಯಿಂದ ಎದ್ದರೆ ಅಂದಿಗೆ ಅದು ನಿರಾಕರಣೆ ಎಂದೇ ತಿಳಿದು ನಿಲ್ಲಿಸಿ. ಸಿಟಿಆರ್‌ಐ, ಅಂದರೆ ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲಾತಿಯಲ್ಲಿ ನೋಂದಣಿಯನ್ನು ಮೊದಲ ವ್ಯಕ್ತಿ ಸೇರುವ ಮುನ್ನವೇ ಮಾಡಿಸಬೇಕು. 2018ರ ಏಪ್ರಿಲ್‌ನಿಂದ ನಂತರದ ನೋಂದಣಿಯನ್ನು ಅವರು ಸ್ವೀಕರಿಸುತ್ತಿಲ್ಲ.

ಮರುಪ್ರಶ್ನೆ: ಶುಶ್ರೂಷೆ_ಧಾರವಾಡ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಾಗರದ ಅಕ್ಕ, ನಿಮ್ಮ ಉತ್ತರವನ್ನು ಓದಿದ ಮೇಲೆ ನಮ್ಮ ಅಜ್ಜನ ಕೈಗೆ ಒಂದು ಸಣ್ಣ ಸಲಿಕೆ ಕೊಟ್ಟು ಹಿತ್ತಲಿನ ತೆಂಗಿನ ಬುಡಕ್ಕೆ ನೀರು ತಿರುಗಿಸಲು ಬಿಟ್ಟಿದ್ದರೆ ಆ ಸಂಜೆಗಳು ಹೇಗಿರುತ್ತಿದ್ದವೋ ಎಂದು ಬಹಳ ಹೊತ್ತು ಯೋಚಿಸುತ್ತ ಕುಳಿತೆ.

ಮಾರ್ಗದರ್ಶಕರೊಂದಿಗೆ ಮಾತನಾಡಿ ಯೋಜನೆಯನ್ನು ಹೀಗೆ ಬದಲಿಸಿದ್ದೇನೆ. ಹತ್ತು ಜನ, ಒಬ್ಬೊಬ್ಬರಿಗೂ ಕುಟುಂಬದವರನ್ನು ಕೇಳಿ ಸಿದ್ಧಪಡಿಸಿದ ಹಾಡಿನ ಪಟ್ಟಿ, ಹಾಕಬಾರದ ಹಾಡಿನ ಪಟ್ಟಿಯೂ ಅದರೊಂದಿಗೆ. ಆರಂಭದ ವಾರಗಳಲ್ಲಿ ಸಂಗೀತವಿಲ್ಲದೆ ಮಾತುಕತೆ ಮಾತ್ರ, ನಂತರ ಸಂಗೀತ. ಮುಖ್ಯ ಅಳತೆ ಕಾರ್ನೆಲ್ ಮಾಪಕ. ಎಂಎಂಎಸ್‌ಇ ಕೈಬಿಟ್ಟಿದ್ದೇನೆ. ಕುಟುಂಬದವರೇ ಇಲ್ಲದ ಇಬ್ಬರು ಅಜ್ಜಿಯರಿದ್ದಾರೆ, ಅವರ ಹಾಡಿನ ಪಟ್ಟಿಯನ್ನು ಯಾರಿಂದ ತಿಳಿಯುವುದು? ಅಧ್ಯಯನ ಮುಗಿದ ನಂತರ ಆಶ್ರಮದಲ್ಲಿ ಇದನ್ನು ಯಾರು ಮುಂದುವರಿಸುವುದು ಎಂಬುದೂ ಚಿಂತೆಯಾಗಿದೆ.

ಉತ್ತರ 4: ಮನಶ್ಶಾಸ್ತ್ರ_ಮೈಸೂರು

ಎರಡನೆಯದನ್ನು ಮೊದಲು ಹೇಳುತ್ತೇನೆ. ಈಗಿನಿಂದಲೇ ಆಯಾಗಳನ್ನು ನಿಮ್ಮ ಜೊತೆ ಸೇರಿಸಿಕೊಳ್ಳಿ. ಗೋವಾದಲ್ಲಿ ಅಮಿತ್ ಡಯಾಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು 81 ಕುಟುಂಬಗಳ ಪೈಕಿ ಒಂದು ಗುಂಪಿನವರ ಮನೆಮನೆಗೆ ಹೋಗಿ ನೆರವಾದರು. ಆರು ತಿಂಗಳಲ್ಲಿ ಆರೈಕೆದಾರರ ಮಾನಸಿಕ ಸ್ಥಿತಿ ಸುಧಾರಿಸಿತು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು ಹಿರಿಯರಲ್ಲಿನ ಡಿಮೆನ್ಶಿಯಾ ಕುರಿತ ರಾಷ್ಟ್ರವ್ಯಾಪಿ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ಅಷ್ಟು ಜನರಿಗೆ ತಜ್ಞರೇ ಬೇಕೆಂದರೆ ಎಲ್ಲಿಂದ ತರುವುದು? ಆಯಾ ತಾನಾಗಿ ಮಾಡಬಲ್ಲಷ್ಟು ಸರಳವಾಗಿ ನಿಮ್ಮ ವಿಧಾನವನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಬರೆಯಿರಿ. ಯಾವ ಹೊತ್ತಿಗೆ, ಎಷ್ಟು ನಿಮಿಷ, ಎಷ್ಟು ಗಟ್ಟಿಯಾಗಿ, ಯಾವ ಸೂಚನೆ ಕಂಡರೆ ನಿಲ್ಲಿಸಬೇಕು ಎಂಬುದೆಲ್ಲ ಅದರಲ್ಲಿರಲಿ.

ಆ ಇಬ್ಬರು ಅಜ್ಜಿಯರ ವಿಷಯ. ಮೊದಲಿಗೆ, ಅವರ ಪರವಾಗಿ ಒಪ್ಪಿಗೆ ಕೊಡಬಲ್ಲವರು ಯಾರೆಂದು ನೈತಿಕ ಸಮಿತಿಯನ್ನು ಕೇಳಿ. ಅದು ತೀರ್ಮಾನವಾಗುವವರೆಗೆ ಅವರನ್ನು ಅಧ್ಯಯನಕ್ಕೆ ಸೇರಿಸಬೇಡಿ. ಹಾಡಿಗಾಗಿ ಅವರ ಮಾತಿನ ಧಾಟಿಯನ್ನು ಗಮನಿಸಿ, ಯಾವ ಸೀಮೆಯವರೆಂದು ಗೊತ್ತಾಗುತ್ತದೆ. ಬಳಿಕ ನೀವೇ ಪಕ್ಕದಲ್ಲಿ ಕುಳಿತು, ಆ ಸೀಮೆಯ ಸೋಬಾನೆಯನ್ನೋ ಜೋಗುಳವನ್ನೋ ಮೆಲ್ಲಗೆ ಒಂದೆರಡು ಸಾಲು ಹೇಳಿ ನಿಲ್ಲಿಸಿ. ಅವರದಾಗಿದ್ದರೆ ಮುಂದಿನ ಸಾಲನ್ನು ಅವರು ಹೇಳಬಹುದು, ಇಲ್ಲವೇ ತುಟಿ ಅಲ್ಲಾಡೀತು, ಕಾಲ್ಬೆರಳು ಆಡೀತು. ಅದನ್ನು ದಿನಾಂಕದೊಂದಿಗೆ ಬರೆದುಕೊಳ್ಳಿ, ಅವರ ಪಟ್ಟಿಯ ಮೊದಲ ಹಾಡು ಅದೇ ಆಗಲಿ.